ಶುಕ್ರವಾರದ ಉರುಳು

ಶುಕ್ರವಾರ ಬೆಳಿಗ್ಗೆ ಮಂಗಫ್‌ನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮೂರು ಮನೆಯವರು ಮರುಭೂಮಿಗೆ ಹೊರಡುವ ಗದ್ದಲ. ಚಳಿಗಾಲ ಬಂತೆಂದರೆ ಕುವೈತಿನಲ್ಲಿ ಊರಿಗೆ ಊರೇ ಮರಳಿಗೆ ಹೋಗಿ ಡೇರೆ ಹೊಡೆಯುತ್ತದೆ, ನಮ್ಮವರೇನು ಕಡಿಮೆ? ಕಾಸಿಂ ಕುಂಞಿ ಬಿರಿಯಾನಿ ಹಂಡೆ ಹೊತ್ತು ಲಿಫ್ಟಿನಲ್ಲಿ ಇಳಿದ. ಚಾರ್ಲ್ಸ್ ತನ್ನ ನಾಯಿಯನ್ನು ಚಾದರದಲ್ಲಿ ಸುತ್ತಿ, ಕಾವಲುಗಾರನ ಕಣ್ಣು ತಪ್ಪಿಸಿ, ಮೆಟ್ಟಿಲಿಳಿದ. ನಾಯಿಯ ಹೆಸರು ಬಂಗುಡೆ. ಮೀನು ಮಾರುಕಟ್ಟೆಯ ಹಿಂದೆ ಸಿಕ್ಕಿದ ನಾಯಿಗೆ ಬೇರೆ ಯಾವ ಹೆಸರು ಹೊಂದುತ್ತಿತ್ತು?

ಎಲ್ಲರಿಗಿಂತ ಅವಸರ ತನಿಯಪ್ಪನಿಗೆ. ಕಂಪೆನಿ ಬಸ್ಸಿನ ಡ್ರೈವರ್, ವಾರಕ್ಕೊಂದೇ ರಜೆ, ಸಾಮಾನ್ಯವಾಗಿ ಶುಕ್ರವಾರ ಹತ್ತರವರೆಗೆ ಏಳುವ ಆಸಾಮಿಯಲ್ಲ. ಇವತ್ತು ಐದಕ್ಕೇ ಎದ್ದು ಗಡ್ಡ ಹೆರೆದುಕೊಂಡಿದ್ದ.

"ಎಂತ, ಮದುವೆಗೆ ಹೊರಟ ಹಾಗೆ?" ಎಂದಳು ಹೆಂಡತಿ ಕುಸುಮಾವತಿ.

"ಗಾಳಿ ತಿನ್ಲಿಕ್ಕೆ" ಎಂದ ತನಿಯಪ್ಪ. ಹೊಟ್ಟೆಯೊಳಗಿನ ಗುಟ್ಟು ಬೇರೆಯೇ ಇತ್ತು.

ಒಂದು ತಿಂಗಳ ಹಿಂದೆ ಸಾಲ್ಮಿಯಾದ ಮಾಲೊಂದರಲ್ಲಿ ಕುಸುಮಾವತಿ ತುಪ್ಪಳದ ಕಾಲರ್ ಇದ್ದ ಕೋಟಿನ ಮುಂದೆ ಕಾಲು ಗಂಟೆ ನಿಂತಿದ್ದಳು, ಮುಟ್ಟಿ ಮುಟ್ಟಿ ನೋಡಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷ, ಬಾಯಿಬಿಟ್ಟು ಏನನ್ನೂ ಕೇಳದ ಹೆಂಗಸು. ಬೆಲೆಯ ಚೀಟಿ ತಿರುಗಿಸಿ ನೋಡಿದ ತನಿಯಪ್ಪ ಅದನ್ನು ಹಾಗೇ ಮಗುಚಿಟ್ಟ. ಆದರೆ ಬಂಟ್ವಾಳದ ಕಡೆ ಹಂದಿಗೂ ಮುಳ್ಳುಹಂದಿಗೂ ಉರುಳು ಒಡ್ಡಿ ಹೆಸರು ಮಾಡಿದ ಮನುಷ್ಯನವನು. ಮರುಭೂಮಿಯಲ್ಲಿ ನರಿಗಳು ಓಡಾಡುವುದನ್ನು ಬಸ್ಸಿನ ಕಿಟಕಿಯಿಂದಲೇ ಕಂಡಿದ್ದ. ಬಟ್ಟೆ ಒಣಗಿಸುವ ತಂತಿಯೆಂದು ಹೆಂಡತಿಗೆ ಹೇಳಿ ತಂದ ತಂತಿಯಲ್ಲಿ ಕಳೆದ ಶುಕ್ರವಾರ, ಉಳಿದವರು ಉಂಡು ಮಲಗಿದ್ದಾಗ, ಮರಳ ದಿಬ್ಬದ ಹಿಂದೆ ಉರುಳಿಟ್ಟು ಬಂದಿದ್ದ.

ಅದರಲ್ಲೂ ಒಂದು ತಮಾಷೆ. ಊರಿನಲ್ಲಿ ಉರುಳು ಒಡ್ಡುವುದು ಬೇಲಿಯ ಕಂಡಿಯಲ್ಲಿ. ಮರುಭೂಮಿಯಲ್ಲಿ ಬೇಲಿ ಎಲ್ಲಿಯದು? ತನಿಯಪ್ಪ ಖರ್ಜೂರದ ಗರಿಗಳನ್ನು ಹೊತ್ತೊಯ್ದು, ನಾಲ್ಕು ಮಾರು ಉದ್ದದ ಬೇಲಿಯನ್ನು ತಾನೇ ಕಟ್ಟಿ, ನಡುವೆ ಕಂಡಿ ಬಿಟ್ಟು, ಅಲ್ಲಿ ಉರುಳು ಕಟ್ಟಿದ್ದ. ಸುತ್ತ ಇಡೀ ಅರೇಬಿಯ ತೆರೆದು ಬಿದ್ದಿರುವಾಗ ನರಿ ಆ ಕಂಡಿಯಲ್ಲೇ ಯಾಕೆ ನುಗ್ಗಬೇಕೆಂಬ ಪ್ರಶ್ನೆ ಅವನ ತಲೆಗೆ ಹೊಳೆಯಲಿಲ್ಲ. ನುಗ್ಗಲಿ ಎಂದು ಊರಿನ ಒಣಮೀನು ತೂಗಿಸಿದ್ದನಷ್ಟೆ.

ಡೇರೆ ಎದ್ದಿತು, ಚಾಪೆ ಹಾಸಿದ್ದಾಯಿತು. ಚಾರ್ಲ್ಸ್ ಬಂಗುಡೆಯ ಕೊರಳಪಟ್ಟಿ ಬಿಚ್ಚಿದನೋ ಇಲ್ಲವೋ, ಅದು ಬಾಣದಂತೆ ಹೋಗಿ ಕಾಸಿಂ ಕುಂಞಿಯ ತಟ್ಟೆಯಿಂದ ಕೋಳಿಯ ತೊಡೆ ಕಚ್ಚಿಕೊಂಡು ಓಡಿತು.

"ಚಾರ್ಲ್ಸ್ ಭಾಯಿ, ಇದು ಸರಿಯಾ?" ಕಾಸಿಂ ಕುಂಞಿ ಖಾಲಿ ತಟ್ಟೆ ಎತ್ತಿ ತೋರಿಸಿದ. "ನನ್ನ ಮಕ್ಕಳು ನಾಯಿ ಬಂದ್ರೆ ಕಾರು ಹತ್ತಿ ಕೂತ್ಕೊಳ್ತಾರೆ. ಅವರಿಗೂ ವಾರಕ್ಕೊಂದೇ ಶುಕ್ರವಾರ."

"ಅದಕ್ಕೂ ಒಂದೇ ಶುಕ್ರವಾರ ಮಾರಾಯ! ಆರು ದಿನ ಬಾತ್‌ರೂಮಿನಷ್ಟು ಜಾಗದಲ್ಲಿ ಇರ್ತದೆ. ಇಲ್ಲೂ ಕಟ್ಟಿ ಹಾಕಿದ್ರೆ ಅದು ಓಡುವುದು ಎಲ್ಲಿ?"

ಆಗ ತನಿಯಪ್ಪ ಎದ್ದು ನಿಂತ. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆಯೇ ಚಾರ್ಲ್ಸನನ್ನು ಕರೆದು, ಪಂಚಾಯ್ತಿ ಚುನಾವಣೆಗೆ ನಿಂತವನ ಗಂಟಲಿನಲ್ಲಿ, "ಪೊರ್ಬುಗಳೇ, ನಾಯಿ ಕಟ್ಟಬೇಕು. ಈಗಲೇ ಕಟ್ಟಬೇಕು! ಹಾವುಂಟು, ಚೇಳುಂಟು, ಜೀಪುಗಳುಂಟು" ಎಂದ.

ಎಲ್ಲರೂ ಬೆರಗಾದರು. ಮೂರು ವರ್ಷದಿಂದ ಬಂಗುಡೆಗೆ ಕದ್ದು ಮೀನಿನ ತಲೆ ಹಾಕುತ್ತಿದ್ದವನು ಇದೇ ತನಿಯಪ್ಪ.

"ನಿಮಗೆ ಯಾವಾಗಿಂದ ಇಷ್ಟು ಚಿಂತೆ ತನಿಯಪ್ಪಣ್ಣ?" ಎಂದು ಚಾರ್ಲ್ಸ್ ನಕ್ಕ. ಶಿಳ್ಳೆ ಹಾಕಿ ಕರೆದ. ಬಂಗುಡೆ ಬರಲಿಲ್ಲ. ಮತ್ತೆ ಕರೆದ. ಕಣ್ಣು ಹೋದಷ್ಟು ದೂರ ಮರಳು, ನಾಯಿಯ ಬಾಲವೂ ಇಲ್ಲ.

ಒಣಮೀನು! ತನಿಯಪ್ಪ ಯಾರಿಗೂ ಏನೂ ಹೇಳದೆ ಚಪ್ಪಲಿ ಬಿಟ್ಟು ದಿಬ್ಬದತ್ತ ಓಡಿದ. ಐವತ್ತಮೂರರ ಹೊಟ್ಟೆ ಹೊತ್ತು ಅವನು ಓಡುವುದನ್ನು ಕಂಡು ಉಳಿದವರೂ ಹಿಂದೆ ಓಡಿದರು. ಓಡುತ್ತಾ ಅವನು ದೈವಕ್ಕೆ ಹರಕೆ ಹೇಳಿಕೊಂಡ, ಪೊರ್ಬುಗಳ ನಾಯಿಯಲ್ಲವೇ ಎಂದು ಸಂತ ಅಂತೋನಿಗೂ ಒಂದು ಹೇಳಿಕೊಂಡ.

ಬಂಗುಡೆ ಆರಾಮಾಗಿತ್ತು. ಬೇಲಿಯ ಈಚೆ ಕುಳಿತು ಬೊಗಳುತ್ತಿತ್ತು. ಉರುಳಿನಲ್ಲಿ ಮುಂಗಾಲು ಸಿಕ್ಕಿಕೊಂಡು ಬಿದ್ದಿದ್ದದ್ದು ನರಿ.

ಬೆಳಿಗ್ಗೆದ್ದು ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ. ತನಿಯಪ್ಪ ನೋಡಿದ್ದು ಮಧ್ಯಾಹ್ನ, ಅದಕ್ಕೇ ಇರಬೇಕು ಫಲ ತಿರುಗಾಮುರುಗಾ ಆಯಿತು. ಅಷ್ಟು ದೊಡ್ಡ ಕಿವಿ, ಅಷ್ಟು ಸಣ್ಣ ಮೈ. ತಂತಿ ಕಚ್ಚಿ ಕಚ್ಚಿ ಬಾಯಿಯೆಲ್ಲ ರಕ್ತ. ಕಾಲಿನ ಸುತ್ತ ಅದು ಕೆರೆದ ಮರಳು ಒಂದು ಗುಂಡಿಯೇ ಆಗಿತ್ತು. ನಾಲಿಗೆ ಹೊರಗೆ ಬಿದ್ದಿತ್ತು, ಕಣ್ಣು ಮಾತ್ರ ತನಿಯಪ್ಪನನ್ನೇ ನೋಡುತ್ತಿತ್ತು.

"ಯಾರ ಕೆಲಸ ಇದು?" ಚಾರ್ಲ್ಸ್ ಬಂಗುಡೆಯನ್ನು ಎದೆಗೊತ್ತಿಕೊಂಡ. "ನರಿ ಇಲ್ಲದಿದ್ರೆ ಇಲ್ಲಿ ನನ್ನ ನಾಯಿ ಇರ್ತಿತ್ತು."

"ನಂದು" ಎಂದ ತನಿಯಪ್ಪ. ಹೆಂಡತಿಯ ಕಡೆ ತಿರುಗಿ, "ನಿನಗೆ ಕಾಲರಿಗೆ ಅಂತ. ಆ ಅಂಗಡಿಯಲ್ಲಿ ಅಷ್ಟು ಹೊತ್ತು ನೋಡಿದಿ ಅಲ್ವಾ" ಎಂದ.

ಕುಸುಮಾವತಿಗೆ ಅಳುವೋ ಸಿಟ್ಟೋ ತಿಳಿಯದು. "ಅಷ್ಟಕ್ಕೆ ಎಷ್ಟು ಪ್ರಾಣಿ ಸತ್ತಿರಬಹುದು ಅಂತ ನೋಡ್ತಿದ್ದೆ ನಾನು! ಊರಲ್ಲಿ ಬೆಳಗಾದ್ರೆ ಉರುಳು ನೋಡ್ಲಿಕ್ಕೆ ಹೋಗ್ತಿದ್ರಿ. ಇಲ್ಲಿ ನಿಮಗೆ ರಜೆ ಸಿಗುವುದು ಶುಕ್ರವಾರ. ಅದು ಶನಿವಾರ ಸಿಕ್ಕಿಬಿದ್ರೆ? ನರಿಗೆ ಶುಕ್ರವಾರ ಯಾವಾಗ ಅಂತ ಗೊತ್ತುಂಟಾ?"

"ಕೋಳಿಯೂ ಒಂದು ಪ್ರಾಣಿ ಅಲ್ವಾ ಅಕ್ಕ, ತಿನ್ನುದಿಲ್ವಾ ನಾವು?" ಎಂದು ತನಿಯಪ್ಪನ ಪರ ವಾದಿಸಲು ಹೊರಟ ಕಾಸಿಂ ಕುಂಞಿ. ಕುಸುಮಾವತಿ ತಿರುಗಿ ನೋಡಿದಳು. "ಕೋಳಿಯನ್ನು ಏಳು ದಿನ ಕೊಯ್ತೀಯಾ?" ಕಾಸಿಂ ಕುಂಞಿ ನೀರಿನ ಬಾಟಲಿ ತರಲು ಹೋದ.

ಚಾರ್ಲ್ಸ್ ತನ್ನ ಜಾಕೆಟ್ಟನ್ನು ನರಿಯ ಮೇಲೆ ಹೊದೆಸಿ ಒತ್ತಿ ಹಿಡಿದ. ಎಳೆದಷ್ಟೂ ಬಿಗಿಯುವ ಗಂಟು ಅದು, ತನಿಯಪ್ಪನ ಹೆಮ್ಮೆಯ ಗಂಟು. ಬಿಡಿಸುವಾಗ ಅವನ ಬೆರಳೇ ಅದರಲ್ಲಿ ಸಿಕ್ಕಿತು. ತಂತಿ ಸಡಿಲವಾದ ಕ್ಷಣ ನರಿ ಅವನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿ, ಮೂರು ಕಾಲಿನಲ್ಲಿ ಕುಂಟುತ್ತಾ ಓಡಿತು. ತಿರುಗಿಯೂ ನೋಡಲಿಲ್ಲ. ಕೈಯಿಂದ ರಕ್ತ ಸುರಿಯುತ್ತಿದ್ದರೂ ತನಿಯಪ್ಪ ಆ ಗರಿಯ ಬೇಲಿಯನ್ನು ಒದ್ದು ಕೆಡವಿ, ತಂತಿ ಸುತ್ತಿ ಜೇಬಿಗೆ ಹಾಕಿಕೊಂಡ.

ಆಸ್ಪತ್ರೆಗೆ ಹೋಗುವ ಕಾರಿನಲ್ಲಿ ಹೊಸ ಗಲಾಟೆ. ಇಲ್ಲಿ ಬೇಟೆ ಅಪರಾಧ. ಸಿಕ್ಕಿಬಿದ್ದರೆ ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿಯೇ ಖಲಾಸ್, ನೇರ ಏರ್‌ಪೋರ್ಟ್ ಎಂದು ಕಾಸಿಂ ಕುಂಞಿ ಹೆದರಿಸಿದ. "ಬೆಕ್ಕು ಅನ್ನಿ. ಒಂಟೆ ಅಂತಲೂ ಅನ್ನಬಹುದು."

"ಒಂಟೆಯ ಹಲ್ಲು ಇಷ್ಟು ಸಣ್ಣದಾ ಮಾರಾಯ?" ಎಂದ ತನಿಯಪ್ಪ ನರಳುತ್ತಾ. ಕುಸುಮಾವತಿ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದಳು.

ಆಸ್ಪತ್ರೆಯಲ್ಲಿ ಸಿಕ್ಕಿದ್ದು ಊರ ಕಡೆಯ ನರ್ಸ್ ವೆನಿಸ್ಸಾ. ಗಾಯವನ್ನು ಸೋಪು ಹಾಕಿ ಕಾಲು ಗಂಟೆ ತೊಳೆದಳು. ಚಾರ್ಲ್ಸನ ಅಂಗಿಯ ತುಂಬ ಅಂಟಿದ್ದ ರೋಮ ನೋಡಿ, ಫಾರಂ ಎಳೆದುಕೊಂಡಳು.

"ನಾಯಿ ಅಲ್ವಾ? ಬಿಟ್ಟ ನಾಯಿ. ನಿಮಗೆ ಎಷ್ಟು ಹೇಳಿದ್ರೂ ಅಷ್ಟೇ. ಹುಚ್ಚು ಉಂಟಾ ಅಂತ ಅದನ್ನು ಹಿಡಿದು ಹತ್ತು ದಿನ ಇಟ್ಟು ನೋಡ್ಬೇಕಾಗ್ತದೆ. ಯಾರ ನಾಯಿ?"

ತನಿಯಪ್ಪ ಸುಮ್ಮನಿದ್ದರೆ ಸಾಕಿತ್ತು, ಎಲ್ಲವೂ ಮುಗಿಯುತ್ತಿತ್ತು.

"ನಂದು" ಎಂದ ಚಾರ್ಲ್ಸ್. ತನಿಯಪ್ಪನ ಕಿವಿಯಲ್ಲಿ ಮೆಲ್ಲಗೆ, "ಇರಲಿ ತನಿಯಪ್ಪಣ್ಣ. ಹತ್ತು ದಿನ ಅಲ್ವಾ. ಪಟ್ಟಿ ಬಿಚ್ಚಿ ಬಿಟ್ಟದ್ದು ನಾನೇ. ನಿಮ್ಮ ಇಕಾಮಾ ಹೋದ್ರೆ ಎಂತ ಮಾಡುವುದು?" ಎಂದ.

ವೆನಿಸ್ಸಾ ನಾಯಿ ಎಂದು ಬರೆಯತೊಡಗಿದಳು. ತನಿಯಪ್ಪ ತನ್ನ ಒಳ್ಳೆಯ ಕೈಯನ್ನು ಚಾಚಿ ಫಾರಂ ಮೇಲಿಟ್ಟ.

"ನಾಯಿ ಅಲ್ಲಮ್ಮ. ನರಿ. ನಾನೇ ಉರುಳಿಟ್ಟು ಹಿಡಿದದ್ದು. ಬಿಡಿಸುವಾಗ ಕಚ್ಚಿತು. ಅದರದ್ದು ತಪ್ಪಿಲ್ಲ, ಇವರ ನಾಯಿಯದ್ದೂ ತಪ್ಪಿಲ್ಲ."

ಕಾಸಿಂ ಕುಂಞಿ ಕೆಮ್ಮಿದ. ವೆನಿಸ್ಸಾ ತನಿಯಪ್ಪನನ್ನು ಕನ್ನಡಕದ ಮೇಲಿಂದ ನೋಡಿದಳು, ಫಾರಂ ನೋಡಿದಳು.

"ಕಚ್ಚಿದ ಪ್ರಾಣಿ ಯಾವುದು ಅಂತ ಮಾತ್ರ ಇದರಲ್ಲಿ ಕೇಳಿದ್ದು. ಉರುಳು ಇಟ್ಟವರ ಹೆಸರು ಬರೀಲಿಕ್ಕೆ ಜಾಗ ಇಲ್ಲ."

"ಬದಿಯಲ್ಲಿ ಬರೀರಿ" ಎಂದ ತನಿಯಪ್ಪ. "ತನಿಯಪ್ಪ ಅಂತ."

ವೆನಿಸ್ಸಾ ನಾಯಿ ಎಂದು ಬರೆದದ್ದನ್ನು ಹೊಡೆದು ಹಾಕಿ, ನರಿ ಎಂದು ಬರೆದು ಸೂಜಿ ತೆಗೆದಳು. ಬದಿಯಲ್ಲಿ ಏನಾದರೂ ಬರೆದಳೋ ಇಲ್ಲವೋ ತನಿಯಪ್ಪ ನೋಡಲಿಲ್ಲ. ಅವನಿಗೆ ಸೂಜಿಯೆಂದರೆ ಜೀವ ಹೋಗುವಷ್ಟು ಹೆದರಿಕೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಆಗ ಯಾರೋ ಅವನ ಭುಜದ ಮೇಲೆ ಕೈಯಿಟ್ಟರು. ಮರುಭೂಮಿಯಿಂದ ಇಲ್ಲಿಯವರೆಗೆ ತುಟಿ ಬಿಚ್ಚದ ಕುಸುಮಾವತಿ.

"ನೋವುಂಟಾ?" ಎಂದು ಕೇಳಿದಳು.

"ಉಂಟು" ಎಂದ ತನಿಯಪ್ಪ.