ಕಿವಿರಾಯ ಆರಿಸಿದ ದೋಣಿ

ಹೊಲಿಗೆ ಯಂತ್ರ ರಿಪೇರಿ ಮಾಡುವ ಅವನಿಗೆ ಮದುವೆಯಾದ ಹೊಸದರಲ್ಲೇ ಹೆಂಡತಿ ಇಟ್ಟ ಹೆಸರು ಕಿವಿರಾಯ. ಯಂತ್ರ ಬಿಚ್ಚುವ ಮೊದಲು ಅದರ ಮೈಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಒಳಗಿನ ಕಾಯಿಲೆ ಹೇಳಿಬಿಡುತ್ತಿದ್ದ. ಪಕ್ಕದಲ್ಲೇ ಮಲಗುವವಳ ಕಾಯಿಲೆ ಮಾತ್ರ ಆ ಕಿವಿಗೆ ಬೀಳಲಿಲ್ಲ. ಡಾಕ್ಟರು ಹೇಳಿದಾಗಲೇ ಗೊತ್ತಾಗಿದ್ದು, ಅಷ್ಟರಲ್ಲಿ ಕೈಮೀರಿತ್ತು.

"ಈ ಬೇಸಿಗೆ ಮುಗಿಯೋವರೆಗೆ ಇರ್ತಾರೆ," ಎಂದಿದ್ದರು ಡಾಕ್ಟರು. ಮುಂದಿನದನ್ನು ಇವನು ಕೇಳಲಿಲ್ಲ.

ಅವಳ ಆಸೆಯೇನೂ ದೊಡ್ಡದಲ್ಲ. ಗಂಡ, ಮಗಳ ಜೊತೆ ಸರೋವರದ ನಡುವೆ ಹೋಗಿ, ಎಂಜಿನ್ ನಿಲ್ಲಿಸಿ, ಸುಮ್ಮನೆ ಕೂರಬೇಕು. ಹದಿನೈದು ವರ್ಷ ಇವನು "ಮುಂದಿನ ವರ್ಷ" ಎನ್ನುತ್ತಲೇ ಬಂದಿದ್ದ. ಈಗ ಮುಂದಿನ ವರ್ಷವೇ ಉಳಿದಿರಲಿಲ್ಲ.

ಹಳೇ ದೋಣಿ ಮಾರುವವನ ಬಳಿ ಎರಡು ಮೋಟಾರು ದೋಣಿಗಳಿದ್ದವು. ಒಂದೇ ಕಂಪನಿ, ಒಂದೇ ವರ್ಷ, ನಾಲ್ಕು ನಾಲ್ಕೇ ಸೀಟು. ಒಂದು ಬಿಳಿ, ಒಂದು ನೀಲಿ.

"ಎರಡೂ ಅಕ್ಕತಂಗೀರು ಸಾರ್. ಯಾವುದಾದ್ರೂ ತಗೊಳ್ಳಿ."

ಯಾವುದಾದರೂ ಎಂದರೆ ಕಿವಿರಾಯನಿಗೆ ಮೈ ಉರಿಯುತ್ತಿತ್ತು. ವಾರಗಳು ಬೆರಳ ಮೇಲೆ ಎಣಿಸುವಷ್ಟಿದ್ದರೂ ಮೂರು ಭಾನುವಾರ ಹೋಗಿ ಎಂಜಿನ್ ಮುಚ್ಚಳಕ್ಕೆ ಕಿವಿಯಿಟ್ಟು ಕೂತ. ಬಿಳಿಯದು ಒಂದೇ ಉಸಿರಿಗೆ ಓಡುತ್ತಿತ್ತು. ನೀಲಿಯದಕ್ಕೆ ಆಗಾಗ ಸಣ್ಣ ಕೆಮ್ಮು.

"ಅಪ್ಪ, ನೀಲಿ ದೋಣಿ ಪಕ್ಕದಲ್ಲಿ ನೋಡು..." ಎಂದಳು ಹನ್ನೆರಡರ ಮಗಳು.

"ಶ್!" ಎಂದ, ಕಣ್ಣು ಬಿಡದೆ.

ಅಪ್ಪ ಕೇಳಿಸಿಕೊಳ್ಳುವಾಗ ಯಾರೂ ಮಾತಾಡಬಾರದು ಎನ್ನುವುದು ಆ ಮನೆಯ ಕಟ್ಟಳೆ. ಹುಡುಗಿ ಬಾಯಿ ಮುಚ್ಚಿಕೊಂಡಳು. ಇವನು ಬಿಳಿಯದನ್ನೇ ಕೊಂಡ. ಅದೇ ವಾರ ನೀಲಿಯೂ ಇನ್ಯಾರದೋ ಪಾಲಾಯಿತು.

ಹೊರಟ ದಿನ ಹೆಂಡತಿ ತಲೆ ಬಾಚಿಸಿಕೊಂಡು ಬಂದಿದ್ದಳು. ದೋಣಿಕಟ್ಟೆಯ ಮೇಲೆ ಅವಳ ತೋಳು ಹಿಡಿದು ನಿಲ್ಲಿಸಿದ. ದೋಣಿಯ ಅಂಚು ಅವಳ ತೊಡೆಯವರೆಗೆ ಬರುತ್ತಿತ್ತು. ಕಾಲೆತ್ತಲು ನೋಡಿದಳು, ಗೇಣುದ್ದವೂ ಏಳಲಿಲ್ಲ. ಎತ್ತಿಕೊಳ್ಳಲು ಹೋದರೆ ಮೂಳೆನೋವಿಗೆ ಚೀರಿದಳು. ಮಡಚುವ ಕುರ್ಚಿ ತಂದು ಅಲ್ಲೇ ಕೂರಿಸಿದರು.

"ನೀಲಿ ದೋಣಿಗೆ ಪಕ್ಕದಲ್ಲಿ ಪುಟ್ಟ ಬಾಗಿಲಿತ್ತಪ್ಪ," ಎಂದಳು ಮಗಳು, ಮೆಲ್ಲಗೆ. "ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ."

ಬಾಗಿಲಿದ್ದರೆ ಅವಳು ನಡೆದೇ ಒಳಗೆ ಹೋಗುತ್ತಿದ್ದಳು. ಆ ಕೆಮ್ಮನ್ನು ಸರಿಮಾಡಲು ಇವನಿಗೆ ಅರ್ಧ ದಿನ ಸಾಕಿತ್ತು. ಅಂಥ ಕಿವಿಗೆ ಬೆಂಕಿ ಬೀಳಲಿ!

"ನೀವಿಬ್ರೂ ಒಂದು ಸುತ್ತು ಹೋಗಿಬನ್ನಿ. ನಾನು ನೋಡ್ತೀನಿ," ಎಂದಳು ಹೆಂಡತಿ.

"ನೀನಿಲ್ಲದೆ ಏನು ಸುತ್ತೋದು?"

"ಅಭ್ಯಾಸ ಮಾಡ್ಕೋಬೇಕಲ್ಲ."

ಹೋದರು. ಸರೋವರದ ನಡುವೆ ಅವಳು ಹೇಳುತ್ತಿದ್ದ ಹಾಗೆಯೇ ಎಂಜಿನ್ ನಿಲ್ಲಿಸಿದ. ನೀರು ದೋಣಿಗೆ ತಾಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಗಳು ದಡದ ಕಡೆ ಕೈ ಬೀಸುತ್ತಲೇ ಇದ್ದಳು. ಇವನಿಗೆ ಅತ್ತ ನೋಡುವ ಧೈರ್ಯ ಬರಲಿಲ್ಲ.

ತಿರುಗಿ ಬಂದು ಹಗ್ಗ ಕಟ್ಟುವಾಗ ಹೆಂಡತಿ ಅವನ ಕಿವಿ ಹಿಡಿದು ಮೆಲ್ಲಗೆ ಎಳೆದಳು.

"ಒಳ್ಳೇ ಎಂಜಿನ್ ಕಣೋ ಕಿವಿರಾಯ. ಇಲ್ಲಿಗೆ ಒಂಚೂರೂ ಕೇಳಿಸ್ಲಿಲ್ಲ."