ಎಡಗಡೆಯ ಪೈಪು

ಬಿಸಿಲುಕಾಲ ಅರ್ಧ ಕಳೆದಿತ್ತು. ಜಲಾಶಯದ ನೀರು ಇಳಿದು ದಡದ ಮೆಟ್ಟಿಲುಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ನೀರೊಳಗಿನ ತೂಬಿನ ಜಾಲರಿಗೆ ಕಚ್ಚಿಕೊಂಡ ಚಿಪ್ಪು, ಪಾಚಿ ಕೆರೆದು ತೆಗೆಯುವ ಕೆಲಸ ನಡೆಯುವುದು ಈ ಕಾಲದಲ್ಲೇ. ಆಮೆಯಣ್ಣ ಬೆಳಗ್ಗೆಯೇ ಬಂದು ಮೆಟ್ಟಿಲ ಮೇಲೆ ಕುಳಿತು ಉಳಿ ಮಸೆಯುತ್ತಿದ್ದ.

ನೀರಿನಲ್ಲಿ ಅವಸರವನ್ನೇ ಪಡದ ಅವನಿಗೆ ಆ ಹೆಸರಿಟ್ಟವಳು ಅವನ ಹೆಂಡತಿ. ಅವಳೂ ಮುಳುಗುವವಳೇ. ಇಬ್ಬರೂ ಜೊತೆಯಾಗಿಯೇ ಇಳಿಯುತ್ತಿದ್ದರು. ಅವನ ಎಡಗಡೆ ಅವಳು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಹೋದ ಮಳೆಗಾಲದಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಅವಳಿಟ್ಟ ಹೆಸರು ಉಳಿಯಿತು.

ಈಗ ಅವನ ಜೊತೆ ಇಳಿಯುವವನು ಒಬ್ಬ ವೆಲ್ಡರ್. ಬಾಯಿ ಮುಚ್ಚದ ಅವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಮೊದಲ ದಿನ ಅವನು ಎಡಗಡೆಗೆ ಬಂದಾಗಲೆಲ್ಲ ಆಮೆಯಣ್ಣ ಸರಿದುಬಿಡುತ್ತಿದ್ದ. ರೇಡಿಯೊಗೆ ಅರ್ಥವಾಯಿತು. ಏನೂ ಕೇಳದೆ ಬಲಗಡೆಗೆ ಹೋದ. ಎಡಗಡೆ ಖಾಲಿಯೇ ಉಳಿಯಿತು.

ಇತ್ತೀಚೆಗೆ ಆಮೆಯಣ್ಣ ತಟ್ಟೆಯ ಊಟವನ್ನು ಅರ್ಧಕ್ಕೇ ಬಿಡುತ್ತಿದ್ದ. ಅಕ್ಕಪಕ್ಕದವರು ಸಂಕಟ ಎಂದುಕೊಂಡರು. ಸಂಕಟವೂ ಇತ್ತು, ದವಡೆ ನೋವೂ ಇತ್ತು.

ಸಿಲಿಂಡರುಗಳಿಗೆ ಗಾಳಿ ತುಂಬುವ ಶೆಡ್ಡು ಅವನ ನಾದಿನಿಯದು, ಅಂದರೆ ಹೆಂಡತಿಯ ತಂಗಿಯದು. ಮುಳುಗುವವರಿಗೆ ತರಬೇತಿ ಕೊಡುವವಳೂ ಅವಳೇ. ಮೆಟ್ಟಿಲ ಬಳಿ ಬಂದಾಗ, ಅವನು ದವಡೆ ಒತ್ತಿಕೊಳ್ಳುವುದನ್ನು ಅವಳು ನೋಡಿದಳು.

"ಏನು ಭಾವ, ಮಾತಾಡಿ ಮಾತಾಡಿ ದವಡೆ ನೋಯ್ತಿದೆಯಾ?"

"ಹಲ್ಲು ನೋವು."

"ಹಲ್ಲೂ ಅಲ್ಲ, ಗಿಲ್ಲೂ ಅಲ್ಲ. ನಿಮ್ಮ ಪೈಪು ಗಿಡ್ಡ. ತಲೆ ತಿರುಗಿಸಿದಾಗೆಲ್ಲಾ ಬಾಯಿಗೆ ಗಾಳಿ ಕೊಡೋ ರೆಗ್ಯುಲೇಟರನ್ನ ಜಗ್ಗುತ್ತೆ. ಅದು ಬೀಳಬಾರದು ಅಂತ ನೀವು ಇಡೀ ದಿನ ಕಚ್ಚಿ ಹಿಡೀತೀರಾ. ನೋಯದೆ ಇನ್ನೇನು?"

ಹಾಗೆನ್ನುತ್ತ ಅವಳು ಅವನ ಸಾಮಾನು ಎತ್ತಿ ನೋಡಿದಳು. ನೋಡುತ್ತಿದ್ದಂತೆ ನಗು ನಿಂತಿತು. ಜೊತೆಗಾರನ ಗಾಳಿ ಮುಗಿದರೆ ಕೊಡಲೆಂದು ಪ್ರತಿಯೊಬ್ಬರ ಬಳಿ ಎರಡನೆಯ ರೆಗ್ಯುಲೇಟರ್ ಒಂದಿರುತ್ತದೆ. ಆಮೆಯಣ್ಣನದು ಎಡಭುಜದ ಮೇಲಿನಿಂದ ಗಿಡ್ಡ ಪೈಪಿನಲ್ಲಿ ಬಂದು, ಅಂಗಿಯ ಪಟ್ಟಿಗೆ ದಾರದಿಂದ ಗಂಟು ಹಾಕಿಸಿಕೊಂಡು ಕುಳಿತಿತ್ತು.

"ಇದ್ಯಾಕೆ ಕಟ್ಟಿಹಾಕಿದ್ದೀರಾ?"

"ತೂಗಾಡ್ತಿತ್ತು. ಪಾಚಿಗೆ ಸಿಕ್ಕೋತಿತ್ತು."

"ಎಡಗಡೆ ಯಾರಿದ್ದಾರೆ ಅಂತ?"

ಆಮೆಯಣ್ಣ ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. "ಅವಳೇ ಜೋಡಿಸಿದ್ದು ಕಣಮ್ಮ. ಇಷ್ಟು ವರ್ಷ ಏನೂ ಆಗಿಲ್ಲ. ಬಿಡು."

"ಅಕ್ಕ ತಪ್ಪು ಮಾಡಿರಲಿಲ್ಲ ಭಾವ. ತನ್ನ ಬಾಯಿಗೆ ಅಳತೆ ನೋಡಿ ಇಟ್ಟಿದ್ದಳು. ಈಗ ಬೇಕಾಗಿರೋದು ಇವರ ಬಾಯಿಗೆ."

"ನನ್ನ ಬಾಯಿ ಸ್ವಲ್ಪ ದೊಡ್ಡದೇ," ಎಂದ ಪಕ್ಕದಲ್ಲೇ ನಿಂತಿದ್ದ ರೇಡಿಯೊ.

ಎದೆಮಟ್ಟದ ನೀರಿನಲ್ಲಿ ಒಮ್ಮೆ ಗಾಳಿ ಕೊಟ್ಟು ನೋಡಿ ಎಂದು ಅವಳು ಇಬ್ಬರನ್ನೂ ಇಳಿಸಿದಳು. ನೀರೊಳಗೆ ಮಂಡಿಯೂರಿ ಕುಳಿತ ಮೇಲೆ ರೇಡಿಯೊ ತನ್ನ ಬಾಯಲ್ಲಿದ್ದ ರೆಗ್ಯುಲೇಟರನ್ನು ತೆಗೆದು ಕತ್ತಿನ ಮುಂದೆ ಅಂಗೈ ಆಡಿಸಿದ. ಗಾಳಿ ಇಲ್ಲ ಎಂಬ ಸನ್ನೆ ಅದು. ಆಮೆಯಣ್ಣನ ಬೆರಳುಗಳು ಗಂಟಿಗೆ ಹೋದವು. ನೆನೆದ ದಾರ ಬಿಗಿದಿತ್ತು. ಜಗ್ಗಿ ಕಿತ್ತು ಬಲಗಡೆಗೆ ಎಳೆದ, ಪೈಪು ಸಾಲಲಿಲ್ಲ. ರೇಡಿಯೊ ತಾನೇ ಮುಂದೆ ಬಾಗಿ ಕಚ್ಚಿದರೆ ಅದು ತಲೆಕೆಳಗಾಗಿತ್ತು. ಗಾಳಿಯ ಜೊತೆ ನೀರೂ ನುಗ್ಗಿತು.

ಅವನು ಎದ್ದು ನಿಂತು ಕೆಮ್ಮಿದ. "ನಮ್ಮನೆ ಬಚ್ಚಲಲ್ಲೂ ಇಷ್ಟು ನೀರು ಕುಡಿದಿರಲಿಲ್ಲ ಅಣ್ಣ!"

ನಗಿಸಲು ಹೇಳಿದ್ದು. ಆದರೆ ಅವನ ಮುಖ ಬಿಳಿಚಿಕೊಂಡಿತ್ತು. ಆಮೆಯಣ್ಣ ತನ್ನ ಕೈಗಳನ್ನೇ ನೋಡುತ್ತ ನಿಂತ. ಇದು ತಳದಲ್ಲಿ, ಜಾಲರಿಯ ಹತ್ತಿರ ಆಗಿದ್ದರೆ?

ಶೆಡ್ಡಿನ ಬೆಂಚಿನ ಮೇಲೆ ನಾದಿನಿ ಎಲ್ಲವನ್ನೂ ಬಿಚ್ಚಿಟ್ಟಳು. ಎಡಗಡೆಯ ಪೈಪನ್ನು ಲೋಹದ ತುದಿಯ ಬಳಿ ಬಗ್ಗಿಸಿದಳು. ರಬ್ಬರಿನಲ್ಲಿ ಸಣ್ಣ ಬಿರುಕುಗಳಿದ್ದವು. ಅವನಿಗೆ ತೋರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಹೊಸದೊಂದು ಉದ್ದ ಪೈಪು ತೆಗೆದಳು.

"ಬಾಯಿಗೆ ಇದು. ಸಿಲಿಂಡರಿಂದ ಇಳಿದು ಬಲ ಕಂಕುಳ ಕೆಳಗೆ ಬರ್ಲಿ. ಎದೆ ಮೇಲೆ ಅಡ್ಡ ಹೋಗಿ, ಎಡಭುಜ ಹತ್ತಿ, ಕತ್ತಿನ ಹಿಂದಿನಿಂದ ಬಲಗಡೆಗೆ ಬಂದು ಬಾಯಿಗೆ."

"ಕತ್ತಿಗೆ ಉರುಳು ಹಾಕ್ದಂಗಾಯ್ತು!"

"ಪೂರ್ತಿ ಸುತ್ತಲ್ಲ ಭಾವ, ಅರ್ಧ. ತಲೆ ಬಗ್ಗಿಸಿ ಮುಂದಕ್ಕೆ ಚಾಚಿ ನೋಡಿ."

ಚಾಚಿದ. ಪೈಪು ತಾನಾಗಿಯೇ ಬಿಚ್ಚಿಕೊಂಡು ಬಂತು.

"ಇದರ ಮೇಲೆ ಬೇರೆ ಪಟ್ಟಿ, ಪೈಪು ಯಾವುದೂ ಬರಬಾರದು. ಬಂದ್ರೆ ಅಲ್ಲೇ ಸಿಕ್ಕೊಳ್ಳುತ್ತೆ. ಎರಡನೇದು ಗಿಡ್ಡ ಪೈಪಲ್ಲಿ, ಕತ್ತಿಗೆ ಹಾಕೋ ಈ ರಬ್ಬರ್ ಕುಣಿಕೆಗೆ ಸಿಕ್ಕಿಸಿ ಗಲ್ಲದ ಕೆಳಗೆ. ತಲೆ ತಗ್ಗಿಸಿದ್ರೆ ಬಾಯಿಗೆ ಸಿಗ್ಬೇಕು. ಗಾಳಿ ಮಾಪಕ ಎಡ ಸೊಂಟಕ್ಕೆ. ಅವರು ಕೇಳಿದ್ರೆ ನಿಮ್ಮ ಬಾಯಲ್ಲಿರೋದನ್ನೇ ಕೊಡಿ, ನೀವು ಗಲ್ಲದ ಕೆಳಗಿರೋದನ್ನ ತಗೊಳ್ಳಿ."

"ಬಾಯಲ್ಲಿರೋದನ್ನ ತೆಗೆದು ಕೊಡೋದಾ?"

"ಅದು ಕೆಲಸ ಮಾಡ್ತಿದೆ ಅಂತ ನಿಮಗೆ ಗೊತ್ತಲ್ಲ. ಉಸಿರು ಕಟ್ಟಿದವನು ಹೇಗೂ ಅದಕ್ಕೇ ಕೈ ಹಾಕ್ತಾನೆ."

ಆಮೆಯಣ್ಣನಿಗೆ ಹಳೆಯದೊಂದು ದಿನ ನೆನಪಾಯಿತು. ತಳದಲ್ಲಿ ಅವನ ಗಾಳಿ ನಿಂತುಹೋದಾಗ, ಹೆಂಡತಿ ತನ್ನ ಬಾಯಿಯದನ್ನೇ ಕಿತ್ತು ಅವನ ಬಾಯಿಗಿಟ್ಟಿದ್ದಳು. ಮೇಲೆ ಬಂದಮೇಲೆ, "ನಿನ್ನ ಉಸಿರಿನ ಸಾಲ ಹೇಗೆ ತೀರಿಸಲಿ?" ಎಂದು ಕೇಳಿದ್ದಕ್ಕೆ ಕೂದಲು ಹಿಂಡುತ್ತ, "ಬಾಕಿ ಇರಲಿ ಬಿಡು," ಎಂದಿದ್ದಳು.

"ಅವಳೂ ಬಾಯಿಂದಲೇ ತೆಗೆದು ಕೊಟ್ಟಿದ್ಲು," ಎಂದ, ತನಗೇ ಎಂಬಂತೆ.

ನಾದಿನಿ ಅವನ ಕಡೆ ನೋಡದೆ ಪೈಪು ಬಿಗಿಯುತ್ತ ಹೇಳಿದಳು. "ಈ ಉದ್ದ ಪೈಪು ಯಾವ ಕಡೆ ಇದ್ದವರಿಗೂ ತಲುಪುತ್ತೆ. ಎಡಗಡೆ ಖಾಲಿ ಇಟ್ಕೊಳ್ಳಿ ಭಾವ. ಯಾರೂ ಕೇಳಲ್ಲ."

ಅವನು ಹಳೆಯ ಪೈಪನ್ನು ಮನೆಗೆ ಒಯ್ದು, ಹೆಂಡತಿಯ ನೀರುಡುಪು ತೂಗುಹಾಕಿದ್ದ ಮೊಳೆಗೇ ಸಿಕ್ಕಿಸಿದ.

ದಿನವೂ ಕೆಲಸಕ್ಕೆ ಮುಂಚೆ ಎದೆಮಟ್ಟದ ನೀರಿನಲ್ಲಿ ಕೊಡುವುದು, ತೆಗೆದುಕೊಳ್ಳುವುದು ನಡೆಯಿತು. ದವಡೆ ನೋವು ಹೋಯಿತು. ತಟ್ಟೆ ಖಾಲಿಯಾಗತೊಡಗಿತು, ಎದುರಿಗೆ ಯಾರೂ ಇಲ್ಲದಿದ್ದರೂ.

ಜಾಲರಿಯ ಕೊನೆಯ ಸಾಲು ಕೆರೆಯುವ ದಿನ ರೇಡಿಯೊನ ಮಾಪಕದ ಮುಳ್ಳು ಅರ್ಧದಲ್ಲೇ ಸಿಕ್ಕಿಕೊಂಡಿತು. ಗಾಳಿ ಇದೆ ಎಂದುಕೊಂಡೇ ಇದ್ದವನಿಗೆ ಒಂದು ಉಸಿರು ಬಿಗಿಯಾಗಿ ಬಂತು, ಮುಂದಿನದು ಬರಲಿಲ್ಲ. ತಿರುಗಿ ಅಂಗೈ ಆಡಿಸಿದ. ಕಣ್ಣುಗಳು ದೊಡ್ಡವಾಗಿದ್ದವು.

ಆಮೆಯಣ್ಣ ತಲೆ ಬಗ್ಗಿಸಿ ಬಾಯಿಯದನ್ನು ಮುಂದೆ ಚಾಚಿದ. ಗಲ್ಲದ ಕೆಳಗಿನದನ್ನು ಕಚ್ಚಿಕೊಂಡ. ಅಷ್ಟೇ. ರೇಡಿಯೊನ ಭುಜದ ಪಟ್ಟಿ ಹಿಡಿದು, ಅವನ ಉಸಿರು ಹದಕ್ಕೆ ಬರುವವರೆಗೆ ಕಾದ. ಆಮೇಲೆ ಇಬ್ಬರೂ ಉಸಿರು ಬಿಗಿಹಿಡಿಯದೆ, ಉಸಿರಾಡುತ್ತಲೇ, ಆಮೆಯ ಹಾಗೆಯೇ ನಿಧಾನವಾಗಿ ಮೇಲೆ ಬಂದರು.

ಮೆಟ್ಟಿಲ ಮೇಲೆ ಕುಳಿತ ರೇಡಿಯೊ ಮಾಪಕದ ಸಿಕ್ಕಿಕೊಂಡ ಮುಳ್ಳನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದ. ಕೊನೆಗೆ, "ಅಣ್ಣ, ನಿಮ್ಮ ಉಸಿರಿನ ಸಾಲ ಆಯ್ತು ನಂಗೆ," ಎಂದ.

ಆಮೆಯಣ್ಣ ಎಡಗಡೆಯ ಖಾಲಿ ಮೆಟ್ಟಿಲನ್ನು ಒಮ್ಮೆ ನೋಡಿದ.

"ಬಾಕಿ ಇರಲಿ ಬಿಡು," ಎಂದ.

ನೀರಿಗಿಳಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಪೈಪು ದವಡೆ ಜಗ್ಗುತ್ತಿದ್ದರೆ ಸಹಿಸಿಕೊಳ್ಳಬೇಡಿ, ಬಲ್ಲವರಿಂದಲೇ ಜೋಡಿಸಿಕೊಳ್ಳಿ. ಬಿರುಕು ಬಿಟ್ಟದ್ದನ್ನು ಬದಲಾಯಿಸಿ. ಎರಡನೆಯ ರೆಗ್ಯುಲೇಟರನ್ನು ಗಂಟು ಹಾಕಿ ಕಟ್ಟಬೇಡಿ, ಜೋತಾಡಲೂ ಬಿಡಬೇಡಿ. ಪೈಪು ಯಾವ ದಾರಿಯಲ್ಲಿ ಬಂದರೂ ಸರಿ, ನೀವು ಯಾವುದನ್ನು ಕೊಡುತ್ತೀರಿ, ಅದು ಎಲ್ಲಿದೆ ಎಂಬುದು ಜೊತೆಗಾರರಿಗೆ ಗೊತ್ತಿರಲಿ. ಇಳಿಯುವ ಮುನ್ನ ಒಮ್ಮೆ ಕೇಳಿ: "ನನ್ನ ಗಾಳಿ ನಿನ್ನ ಬಾಯಿಗೆ ತಲುಪುತ್ತಾ?" ಹೂಂ ಅಂದರೆ ಸಾಲದು. ಕೈ ಚಾಚಿ, ಎಳೆದು, ಕಚ್ಚಿ ನೋಡಲಿ. ಅಳತೆ ನೋಡಬೇಕಾದ್ದು ಇಂದು ನಿಮ್ಮ ಪಕ್ಕದಲ್ಲಿ ಇರುವವರಿಗೆ.