ಮೇಣದಡಿಯ ಹಲಗೆ

ಅಂಗಳದ ಕೊಳಕ್ಕೆ ಬಿದ್ದ ಬಿಸಿಲು ಚಾವಣಿಯಲ್ಲಿ ನಡುಗುತ್ತಿತ್ತು, ಹಲಗೆಯನ್ನು ಹೀಗೇ ಓರೆ ಬೆಳಕಿಗೆ ಹಿಡಿದು ನೋಡಬೇಕಿತ್ತು, ಇಪ್ಪತ್ತು ವರ್ಷ ನೋಡುತ್ತಲೇ ಬಂದವಳು ನಿನ್ನೆ ಯಾಕೆ ನೋಡಲಿಲ್ಲ — ಲಿಪಿಕಾರ್ತಿ ಕ್ರೆಸ್ತೆ ಬರೆಯುವ ಕೋಣೆಯ ಹೊಸ್ತಿಲಲ್ಲೇ ನಿಂತಳು. ವರೇನಸ್ ಒಡೆಯರ ಕಣ್ಣು ಮಂದ, ಕೈ ಭಾರ, ಕಬ್ಬಿಣದ ಕಡ್ಡಿಯನ್ನು ಒತ್ತಿ ಬರೆದರೆ ಹಲಗೆಗೆ ಬಳಿದ ಮೇಣ ಸೀಳಿ ಅಡಿಯ ಮರಕ್ಕೇ ಗೀರು ಬೀಳುತ್ತದೆ, ಮೇಣ ಸವರಿದರೂ ಮರದ ಗೀರು ಹೋಗುವುದಿಲ್ಲ. ಮೊನ್ನೆ ಅವರು ಬರೆದದ್ದು ಒಂದೇ ಸಾಲು, ತನ್ನ ಕಾವಲುಗಾರರಿಗೇ ಹೆದರುವ ಚಕ್ರವರ್ತಿ ಈ ಊರಿನ ಎಲ್ಲರಿಗಿಂತ ಕೀಳು ಗುಲಾಮ. ಇದನ್ನ ಅಳಿಸ್ಲಾ ಒಡೆಯಾ, ಎಂದು ಕೇಳಿದ್ದಳು. ಅಳಿಸು, ನಾಳೆ ಇದಕ್ಕಿಂತ ಚೆನ್ನಾಗಿ ಬರೀತೀನಿ, ಎಂದು ನಕ್ಕಿದ್ದರು. ಅಳಿಸಿದಳು, ನಿನ್ನೆ ಅದೇ ಜೋಡಿಹಲಗೆಯಲ್ಲಿ ಚಕ್ರವರ್ತಿಯ ನಗರಾಧಿಪತಿಗೆ ಕೃತಜ್ಞತೆಯ ಪತ್ರ ಬರೆದು, ಎರಡನ್ನೂ ಮುಚ್ಚಿ ದಾರ ಬಿಗಿದು, ಮುದ್ರೆಯೊತ್ತಿ ಕಳಿಸಿದಳು — ಈ ಚಳಿಯಲ್ಲಿ ಅಲ್ಲಿ ಯಾರಾದರೂ ಕೆಂಡದ ಬಳಿ ಇಟ್ಟರೆ ಮೇಣ ಕರಗುತ್ತದೆ, ಗೀರು ಬಾಯಿಬಿಡುತ್ತದೆ. ಪಕ್ಕದ ಮನೆಯೊಡೆಯ ಸತ್ತದ್ದು ಊಟದ ಹೊತ್ತಿನಲ್ಲಿ ಚಕ್ರವರ್ತಿಯ ಮೇಲೆ ಆಡಿದ ಒಂದು ತಮಾಷೆಗೆ, ಬಾಗಿಲಲ್ಲಿ ಸೈನಿಕರು, ಸ್ನಾನದ ತೊಟ್ಟಿಯಲ್ಲಿ ಕೆಂಪು ನೀರು. ಹೇಳಿಬಿಡಲೇ, ಹೇಳದಿರಲೇ, ಏನೂ ಆಗದಿದ್ದರೆ ಸುಮ್ಮನೆ ಅವರ ನಿದ್ದೆ ಕೆಡಿಸಿದಂತೆ. ತನಗೆ ಗುಲಾಮಗಿರಿಯಿಂದ ಬಿಡುಗಡೆ ಕೊಟ್ಟ ದಿನ ಅವರೆಂದದ್ದು, ಹೆದರೋದು ತಪ್ಪಲ್ಲ ಕಣೆ, ಹೆದ್ರಿ ಸುಳ್ಳಾಡೋದು ತಪ್ಪು. ಹಾಗೆ ಅನ್ನುವುದು ಅವರಿಗೆ ಸುಲಭ —

ಬಾಗಿಲಲ್ಲಿ ಕೆಮ್ಮು, ಮುದುಕ ಓಲೆಕಾರ ದಾಮ, ಕಂಕುಳಲ್ಲಿ ಅದೇ ಜೋಡಿಹಲಗೆ, ಬಂದದ್ದರ ಮೇಲೇ ಉತ್ತರ ಬರೆದು ಕಳಿಸುವುದು ಎಲ್ಲರ ರೂಢಿ. ಯಾಕವ್ವಾ, ಹೆಣ ನೋಡ್ದಂಗೆ ನೋಡ್ತೀಯ, ಅಲ್ಲಿ ನಂಗೆ ಬಿಸಿ ದ್ರಾಕ್ಷಾರಸ ಕೊಟ್ರು, ಈ ಮನೇಲಿ ಒಂದಿನಾನಾದ್ರೂ ಕೊಟ್ಟಿದ್ದೀರಾ. ದಾರ ಬಿಚ್ಚಿದಳು. ಒಂದು ಹಲಗೆ ಈ ಮನೆಯದೇ, ದೀಪದ ಹೊಗೆಗೆ ಕಂದಿದ್ದು. ಇನ್ನೊಂದು ಬೆಳ್ಳಗಿತ್ತು, ಹೊಸ ಮರದ ವಾಸನೆ, ಹೊಸ ಮೇಣ. ನಮ್ದೊಂದು ಬಿರುಕು ಬಿಟ್ಟಿತ್ತಂತೆ, ಬೇರೆ ಹಾಕ್ಸಿ ಕೊಟ್ಟಿದಾರೆ, ದೊಡ್ಡ ಮನಸ್ಸು, ಎನ್ನುತ್ತಿದ್ದ ದಾಮ. ಬಿರುಕಿರಲಿಲ್ಲ. ಗೀರಿದ್ದ ಹಲಗೆ ಅಲ್ಲೇ ಉಳಿದಿದೆ, ಯಾರದೋ ಕೈಯಲ್ಲಿ, ಓರೆ ಬೆಳಕಿನಲ್ಲಿ. ಬೆನ್ನ ಹಿಂದಿನಿಂದ ಬಂದ ವರೇನಸ್ ಹಲಗೆಯನ್ನು ಕಣ್ಣಿಗೆ ಹತ್ತಿರ ಹಿಡಿದರು, ಓಹೋ, ನಗರಾಧಿಪತಿ ಸಂಜೆ ಊಟಕ್ಕೆ ಕರ್ದಿದಾನೆ, ಒಬ್ಬರೇ ಬನ್ನಿ ಅಂತ, ನೀನು ಸುಮ್ನೆ ಅವನನ್ನ ಬೈತಿರ್ತೀಯ — ಏನೇ ಅದು ಮುಖ. ಒಡೆಯಾ, ಹೋಗ್ಬೇಡಿ, ತಪ್ಪು ನಂದು, ಎಂದಳು, ಅವರ ಕೈಯಲ್ಲಿ ಆ ಬೆಳ್ಳಗಿನ ಹಲಗೆ, ಬೆಳ್ಳಗಿನ ಹಲಗೆ, ಒಂದು ಗೀರೂ ಇಲ್ಲದ್ದು.